ಒಂದನೇ ಗೇರಿನ ವಹಾಬ

ಗೋಗಿಯ ವಹಾಬನ ಮುತ್ತಜ್ಜ ಖಾಜಾಸಾಬ ಸುರಪುರದ ಗುಡ್ಡದಿಂದ ಎಣ್ಣೆಗಾಣದ ಕಲ್ಲನ್ನು ಎತ್ತಿನ ಬಂಡಿಯಲ್ಲಿ ಇಳಿಸಿದವನು. ಬಂಡಿಯ ಹಿಂದೆ ಹಸಿ ಬೇವಿನ ದಿಮ್ಮಿ ಕಟ್ಟಿ, ಅದು ನೆಲ ಕೆರೆಯುತ್ತ ಬರುವಂತೆ ಮಾಡಿ, ಎತ್ತಿನ ಹೆಗಲಿಗೆ ಒಂದು ಗೀರೂ ಬೀಳದ ಹಾಗೆ ಬಯಲು ಮುಟ್ಟಿಸಿದ್ದ. ಅಜ್ಜ ಮಶಾಕಸಾಬ ನಿಜಾಮನ ಕಾಲದಲ್ಲಿ ಇದ್ದಿಲಿನಿಂದ ಓಡುವ ಬಸ್ಸು ನಡೆಸಿದ. ಇಳಿಜಾರು ಬಂದಲ್ಲಿ ತಹಶೀಲದಾರನನ್ನೂ ಕೆಳಗಿಳಿಸಿ ನಡೆಸುತ್ತಿದ್ದ. "ಸರ್ಕಾರ ನಿಮ್ಮದ್ರಿ ಸಾಹೇಬ್ರ, ಇಳಿಜಾರು ನಂದು" ಅನ್ನುತ್ತಿದ್ದನಂತೆ. ಅಪ್ಪ ಲಾಲಸಾಬ ಯಾದಗಿರಿ ಸ್ಟೇಶನ್ನಿಗೆ ಶೇಂಗಾ ಚೀಲದ ಲಾರಿ ಹೊಡೆದ. ಮೂವತ್ತು ವರ್ಷದಲ್ಲಿ ಒಂದು ಕೋಳಿಯನ್ನೂ ಕೊಂದವನಲ್ಲ. ಇಂಥ ಮನೆತನದಲ್ಲಿ ಹುಟ್ಟಿದವನಿಗೆ ಕಾಲುವೆ ಗುತ್ತಿಗೆದಾರನ ಕ್ಯಾಂಪಿನಲ್ಲಿ ಸಿಕ್ಕ ಬಿರುದು ಒಂದೇ: ಒಂದನೇ ಗೇರಿನ ವಹಾಬ.

ಅದು ಕೃಷ್ಣೆಯ ನೀರು ಇವತ್ತು ಬಂತು, ನಾಳೆ ಬಂತು ಎಂದು ಶಹಾಪುರ ಸೀಮೆಯ ಮಂದಿ ಬಾಯಲ್ಲೇ ಭತ್ತ ಬೆಳೆಯುತ್ತಿದ್ದ ಕಾಲ. ಕಾಲುವೆಯ ಏರಿಗೆ ಕಲ್ಲು ಬೇಕು, ಕಲ್ಲು ಗುಡ್ಡದ ಮೇಲೆ. ನಿನ್ನೆಯವರೆಗೆ ಎಮ್ಮೆಯ ಬಾಲ ಹಿಡಿದಿದ್ದವರೆಲ್ಲ ಸ್ಟೇರಿಂಗ್ ಹಿಡಿದರು. ಬಯಲು ಸೀಮೆಯ ಈ ಶೂರರಿಗೆ ಇಳಿಜಾರೆಂದರೆ ಮನೆಯ ಕಟ್ಟೆ ಇಳಿದಷ್ಟೇ ಗೊತ್ತು. ಅವರಲ್ಲಿ ದೊಡ್ಡ ಶೂರ ಕೊಂಕಲ್ಲಿನ ಅಂಬಣ್ಣ. ಕೊರಳಿಗೆ ಕೆಂಪು ಕರ್ಚೀಫು, ಬಾಯಲ್ಲಿ ಸೀಟಿ. ತುಂಬಿದ ಲಾರಿಯನ್ನು ಗುಡ್ಡದ ನೆತ್ತಿಯಲ್ಲೇ ನ್ಯೂಟ್ರಲ್ಲಿಗೆ ತಂದು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಜಾರಿಬಿಡುತ್ತಿದ್ದ. ಡೀಸೆಲ್ ಉಳಿಸಿದೆನೆಂದು ಮೀಸೆಗೆ ಕೈ ಹಾಕುತ್ತಿದ್ದ. ತಲೆಯಲ್ಲಿ ಇಲ್ಲದ್ದು ಮೀಸೆಯಲ್ಲಿತ್ತು.

ವಹಾಬ ನೆತ್ತಿಯಲ್ಲಿ ಲಾರಿ ನಿಲ್ಲಿಸಿ ಇಳಿಯುತ್ತಿದ್ದ. ಟೈರು ಬಡಿದು, ಹೊಟ್ಟೆಯಡಿ ಬಗ್ಗಿ ನೋಡಿ, ಒಂದನೇ ಗೇರು ಹಾಕಿಕೊಂಡೇ ಇಳಿಜಾರಿಗೆ ಮೂತಿ ಕೊಡುತ್ತಿದ್ದ. ಭಾರವನ್ನೆಲ್ಲ ಎಂಜಿನ್ನೇ ಹಿಡಿಯುತ್ತಿತ್ತು. ಬ್ರೇಕನ್ನು ಆಗೊಮ್ಮೆ ಒತ್ತಿ, ಬಿಟ್ಟು, ಆರಲು ಬಿಡುತ್ತಿದ್ದ. ಕಲ್ಲು ಹೊರುವ ದೇವಕಮ್ಮ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ಅವನ ಲಾರಿಯನ್ನು ಹಿಂದೆ ಹಾಕಿ ಹೋಗುತ್ತಿದ್ದಳು.

"ಏನೋ ವಹಾಬ, ಹೆಣದ ಮೆರವಣಿಗಿ ಹೊಂಟಾದೇನು?" ಎಂದು ಕೆಳಗೆ ಕೊಡೆ ಹಿಡಿದು ಕೆಲಸದ ಉಸ್ತುವಾರಿಗೆ ನಿಂತ ಮುಕಾದಮ ಈಶಪ್ಪ ಒಂದು ದಿನ ಕೂಗಿದ.

"ಹೆಣ ಆಗಬಾರದಂತ ಹಿಂಗ ಬರಾಕತ್ತೀನ್ರಿ."

"ಅಂಬಣ್ಣ ದಿನಾ ಎಂಟು ಸಲ ಇಳೀತಾನ. ನೀ ಐದು. ನಾಳಿಂದ ಎಂಟು ಆಗಬೇಕು. ಇಲ್ಲಾ, ಚಾವಿ ಇಟ್ಟು ಎಮ್ಮಿ ಕಾಯಾಕ ಹೋಗು."

"ಏರಾಕ ಯಾವ ಗೇರು ಬೇಕಾಗ್ತದೋ ಇಳಿಯಾಕೂ ಅದೇ ಬೇಕ್ರಿ. ಎಮ್ಮಿ ಕಾದವರು ಭಾಳ ಮಂದಿ ಇಲ್ಲೇ ಅದಾರ, ಅವರನ್ನ ಕಳಸ್ರಿ."

ಮರುದಿನವೂ ಮಧ್ಯಾಹ್ನದ ಹೊತ್ತಿಗೆ ವಹಾಬ ಇಳಿದದ್ದು ಮೂರೇ ಸಲ. ನಾಲ್ಕನೆಯ ಸಲಕ್ಕೆ ಮೇಲೆ ಹೋದಾಗ ಈಶಪ್ಪ ಅಲ್ಲೇ ಕಾದಿದ್ದ. ಎಲ್ಲರೆದುರು ಚಾವಿ ಕಸಿದುಕೊಂಡ. ವಹಾಬನಿಗೆ ಸ್ಟೇರಿಂಗ್ ಬಿಟ್ಟರೆ ಬೇರೆ ಕಸುಬು ಬಾರದು, ಬೇಡಿಕೊಳ್ಳುವ ಕಸುಬಂತೂ ಮೊದಲೇ ಬಾರದು. ರೊಟ್ಟಿಯ ಗಂಟು ಬಗಲಿಗೆ ಹಾಕಿಕೊಂಡು ಗುಡ್ಡ ಇಳಿಯತೊಡಗಿದ.

ಅರ್ಧ ದಾರಿಗೆ ಬಂದಿದ್ದ, ಅಂಬಣ್ಣನ ಲಾರಿ ಅವನ ಮೈ ಸವರಿ ಜಾರಿಹೋಯಿತು. ಅಂದಿನ ಆರನೇ ಸಲ. ಹಿಂದಿನ ಗಾಲಿಗಳಿಂದ ಹೊಗೆ ಏಳುತ್ತಿತ್ತು. ತಿರುವಿನಲ್ಲಿ ಅಂಬಣ್ಣನ ಸೀಟಿ ನಿಂತಿತು. ಲಾರಿಯ ಮೂತಿಯನ್ನು ಗುಡ್ಡದ ಗೋಡೆಗೆ ಒರೆಸಿ ಹೇಗೋ ನಿಲ್ಲಿಸಿ, ಶೂರ ಹೊರಗೆ ಹಾರಿದ. ಯಾರೋ ಗಾಲಿಗೆ ಕಲ್ಲು ಕೊಟ್ಟರು. ಹಿಂದೆ ಬಂದ ನೀರಿನ ಟ್ಯಾಂಕರಿನಿಂದ ಈಶಪ್ಪ ಜಿಗಿದು, "ನೀರು ಹಾಕ್ರೋ, ನೀರು!" ಎಂದು ಕುಣಿದಾಡಿದ. ಕಾಲುವೆಯ ಮಂದಿಗೆ ಹೊಲ ಒಣಗಿದರೂ ನೀರೇ, ತಲೆ ಕೆಟ್ಟರೂ ನೀರೇ ಔಷಧ.

"ಹಾಕಬ್ಯಾಡ್ರಿ!" ವಹಾಬ ಓಡುತ್ತ ಬಂದ. "ಕಾದ ಹಂಚಿನ ಮ್ಯಾಲೆ ನೀರು ಚೆಲ್ಲಿದ್ರ ಏನಾಗ್ತದ, ನಿಮ್ಮ ಮನಿಯಾಗಿನ ಹೆಣಮಕ್ಕಳನ್ನ ಕೇಳ್ರಿ! ತಾನೇ ಆರಲಿ!"

"ಚಾವಿ ಇಲ್ಲದವಗ ಬಾಯಿ ಯಾಕ?" ಎಂದ ಅಂಬಣ್ಣ, ತಾನೇ ಟ್ಯಾಂಕರಿನಿಂದ ಕೊಡ ತುಂಬಿ ಗಾಲಿಗೆ ಸುರಿದ.

ಎಡ ಹಿಂಗಾಲಿಯ ಬ್ರೇಕಿನ ಡ್ರಮ್ಮು ಟಣ್ಣೆಂದು ಸೀಳಿತು. ಲಾರಿ ಕಲ್ಲನ್ನು ಹತ್ತಿಳಿದು ಮೂರು ಮಾರು ಜಾರಿ, ಮತ್ತೆ ಗೋಡೆಗೆ ಒರಗಿ ನಿಂತಿತು. ಕೊಡ ಅಂಬಣ್ಣನ ಕೈಯಲ್ಲಿತ್ತು, ಬಣ್ಣ ಮುಖದಲ್ಲಿರಲಿಲ್ಲ. ಮೇಲೆ ಲಾರಿಗಳ ಸಾಲು, ಕೆಳಗೆ ಬುಟ್ಟಿ ಹೊತ್ತ ಹೆಂಗಸರು, ನಡುವೆ ಹೆಬ್ಬಂಡೆಯಂತೆ ಈ ಲಾರಿ. ಹತ್ತಿ ಕೂಡುವವನು ಒಬ್ಬನೂ ಇಲ್ಲ. ಎಂಟು ಸಲದ ಶೂರರೆಲ್ಲ ತಮ್ಮ ಚಪ್ಪಲಿ ನೋಡುತ್ತ ನಿಂತರು.

ಈಶಪ್ಪ ವಹಾಬನ ಕಡೆ ತಿರುಗಿದ. ದನಿ ಮಿದುವಾಗಿತ್ತು. "ತಮ್ಮಾ ವಹಾಬ, ಇದನ್ನೊಂದು ಕೆಳಗ ಮುಟ್ಟಿಸಪಾ."

"ಮೊದಲ ಅದರಾಗಿನ ಕಲ್ಲು ಇಳಸ್ರಿ."

"ಹೊತ್ತು ಮುಳುಗ್ತದಲ್ಲೋ!"

"ಹಂಗಾರ ನೀವೇ ಕೂಡ್ರಿ."

ಈಶಪ್ಪ ಕೂಡಲಿಲ್ಲ. ಕಲ್ಲು ಇಳಿಯಿತು, ಅಂಬಣ್ಣನ ತಲೆಯ ಮೇಲೂ ಎಂಟ್ಹತ್ತು ಬುಟ್ಟಿ ಇಳಿಯಿತು. ಅಷ್ಟು ಹೊತ್ತಿಗೆ ಉಳಿದ ಗಾಲಿಗಳ ಕಾವು ತಾನೇ ಆರಿತ್ತು. ವಹಾಬ ಒಂದೊಂದು ಡ್ರಮ್ಮಿಗೂ ಅಂಗೈ ಹಿಂಬದಿ ತಾಗಿಸಿ ನೋಡಿ, ಹೆಂಗಸರನ್ನು ದಾರಿಯಿಂದ ದೂರ ಸರಿಸಿ, ಮೇಲೆ ಹತ್ತಿದ. ಎಂಜಿನ್ ಗುಡುಗಿತು. ಒಂದನೇ ಗೇರು ಬಿತ್ತು.

ಈಶಪ್ಪ ಕಿಟಕಿಯ ಹತ್ತಿರ ಬಂದು, ಮಧ್ಯಾಹ್ನ ಕಸಿದಿದ್ದ ಚಾವಿಯನ್ನು ಅವನ ಅಂಗಿಯ ಕಿಸೆಗೆ ಹಾಕಿದ. "ನಿನ್ನ ಗಾಡಿ ನೀನೇ ಹೊಡಿ. ಐದರ ಮಾಡು, ನಾಕರ ಮಾಡು, ಕೇಳಂಗಿಲ್ಲ. ಈಗ ಹಿಂದ ಹಗ್ಗ ಕಟ್ಟಿ ಇಪ್ಪತ್ತು ಮಂದಿನ್ನ ಜಗ್ಗಾಕ ನಿಂದ್ರಸ್ತೀನಿ. ಅಂಬಣ್ಣ ಬಾಜೂಕ ಕೂಡ್ತಾನ."

ವಹಾಬ ಅವನ ಮುಖವನ್ನೂ ನೋಡಲಿಲ್ಲ.

"ಬ್ಯಾಡ್ರಿ ಮುಕಾದಮ್ರ. ಲಾರಿ ಜಾರಿದ್ರ ಹಗ್ಗ ಹಿಡದವರನ್ನೂ ಎಳಕೊಂಡು ಹೋಗ್ತದ, ಆಮ್ಯಾಲ ಅವರನ್ನ ಯಾರು ಹಿಡಿಯವರು? ಅಂಬಣ್ಣ ನನ್ನ ಬಾಜೂಕ ಕುಂತ್ರ ಅವನ ಸೀಟಿ ಒಂದು ಕೇಳಬೇಕು. ನಿಮ್ಮ ಮಂದಿ, ನಿಮ್ಮ ಹಗ್ಗ, ನಿಮ್ಮ ನೀರು ಯಾವುದೂ ಬ್ಯಾಡ. ಕೈ ತಗೀರಿ, ಬಾಗಲಾ ಬಿಡ್ರಿ."