ಉಡಿ ತುಂಬಿಸಿಕೊಂಡ ಲಾರಿ

...ಇಲ್ಲ, ಮೀಸೆ ಇದ್ದಿರಲಿಕ್ಕಿಲ್ಲ. ಇತ್ತು ಎಂದು ನನ್ನ ತಂಗಿ ಆಣೆ ಮಾಡುತ್ತಾಳೆ. ನನಗೆ ಕಾಣುವುದೇ ಬೇರೆ: ಸಂಜೆ ಕೆಲಸ ಮುಗಿಸಿ ಧೂಳಿನ ಮಾಸ್ಕ್ ತೆಗೆದಾಗ ಸೋದರಮಾವನ ಹಣೆ, ರೆಪ್ಪೆ, ಕಿವಿ ಎಲ್ಲ ಎರೆಮಣ್ಣಿನ ಬಣ್ಣ, ಮೂಗು, ಬಾಯಿ ಮಾತ್ರ ಬೇರೆ ಯಾರದ್ದೋ ತಂದು ಅಂಟಿಸಿದಷ್ಟು ಶುಭ್ರ. ಆ ಜಾಗದಲ್ಲಿ ಮೀಸೆ ಇಡಲು ನನ್ನ ನೆನಪು ಒಪ್ಪುವುದಿಲ್ಲ. ಆದರೆ ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ಮುಂದಿನದನ್ನೂ ಹಾಗೆಯೇ ಓದಿಕೊಳ್ಳಬೇಕು.

ಮಾವ ಮಣ್ಣು ಹೀರುವ ಲಾರಿಯ ಆಪರೇಟರ್. ಮನೆ ಮಕ್ತಲದಲ್ಲಿ, ಕೆಲಸ ಗದ್ವಾಲ, ನಾರಾಯಣಪೇಟೆ, ಎಲ್ಲಿ ನೆಲದೊಳಗೆ ಹಳೆಯ ಪೈಪು, ಕೇಬಲ್ಲು ಹೂತಿವೆಯೋ ಅಲ್ಲಿ. ಅಗೆಯುವ ಯಂತ್ರದ ಹಲ್ಲು ತಾಗಿದರೆ ಅವು ತುಂಡಾಗುತ್ತವೆ. ಮಾವನ ಲಾರಿಗೆ ಹಲ್ಲಿಲ್ಲ. ಆನೆಯ ಸೊಂಡಿಲಿನಂಥ ದಪ್ಪ ಪೈಪು, ಹಿಂದೆ ದೊಡ್ಡ ಟ್ಯಾಂಕು. ಇಂಥ ಗಾಡಿಗಳಲ್ಲಿ ಎರಡು ಜಾತಿ ಎನ್ನುತ್ತಿದ್ದ.

"ಒಂದು ನೀರು ಹೊಡದು ಮಣ್ಣು ಕಲಸಿ ಗಂಜಿ ಕುಡಿತೈತಿ. ಇನ್ನೊಂದು ಗಾಳಿ ಹೊಡದು ಮಣ್ಣು ಉದುರಿಸಿ ಹಿಟ್ಟು ಮುಕ್ಕತೈತಿ. ನಮ್ಮದು ಹಿಟ್ಟಿಂದು. ಎರಿ ಮಣ್ಣಿಗೆ ನೀರು ಕುಡಿಸಿದ್ರ ಟ್ಯಾಂಕಿನಾಗ ಬೀಗರಂಗ ಕುಂತುಬಿಡತೈತಿ, ಏಳಂದ್ರೂ ಏಳಂಗಿಲ್ಲ."

ಕೆಲಸ ಮುಗಿದ ಮೇಲೆ ಫಿಲ್ಟರ್ ಬಿಚ್ಚಿ ಧೂಳು ಊದಿಸುವುದು, ಟ್ಯಾಂಕಿನ ಬಾಗಿಲಿನ ರಬ್ಬರು ಒರೆಸುವುದು, ಪೈಪು ಬಾಗಿದ ಕಡೆ ಸವೆದಿದೆಯೇ ಎಂದು ತಟ್ಟಿ ಕೇಳುವುದು. ಅಷ್ಟರೊಳಗೆ ಊಟಕ್ಕೆ ಕರೆದರೆ ಒಂದೇ ಉತ್ತರ: "ಮೊದಲ ಅದರ ಮೂಗು, ಆಮ್ಯಾಲ ನನ್ನ ಬಾಯಿ." ಜ್ವರದ ಮಾತ್ರೆ ತರಲು ಹೋದವನು ರಬ್ಬರ್ ವಾಷರ್ ತಂದದ್ದೂ ಉಂಟು. ಇದು ಅತ್ತೆ ಹೇಳಿದ್ದು. ಆಕೆ ಸ್ವಲ್ಪ ಬೆಳೆಸುತ್ತಾಳೆ.

ನಾರಾಯಣಪೇಟೆಯಲ್ಲಿ ಮಾವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಇದ್ದ ಓಣಿಗೆ ಹೊಸ ನೀರಿನ ಪೈಪು ಹಾಕುವುದೆಂದಾಯಿತು. ನಾನು ರಜೆಗೆಂದು ಅಲ್ಲೇ ಇದ್ದೆ. ಓಣಿಯ ತುಂಬ ಕುಣಿಮಗ್ಗಗಳು; ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಮನೆಯ ನೆಲದಲ್ಲೇ ಇರುತ್ತದೆ. ಪಕ್ಕದ ಓಣಿಯಲ್ಲಿ ಅಗೆಯುವಾಗ ಹಳೆಯ ಪೈಪು ಒಡೆದು ಕುಣಿಗಳೆಲ್ಲ ಬಾವಿಗಳಾಗಿದ್ದವು. ಹಾಗಾಗಿ ಇಲ್ಲಿಗೆ ಮಾವನ ಲಾರಿ ಬಂತು.

ದೊಡ್ಡವ್ವ ಅಡ್ಡ ನಿಂತಳು. "ಭೂತಾಯಿ ಹೊಟ್ಟಿಗೆ ಬಾಯಿ ಹಾಕೋ ಗಾಡಿ ಇದು. ಉಡಿ ತುಂಬದ ಶುರು ಮಾಡಬ್ಯಾಡ."

"ಅಕ್ಕಾ, ಇದು ಲಾರಿ. ಇದಕ್ಕ ಉಡಿ ಎಲ್ಲೈತಿ?"

"ಬಾಯಿ ಐತಲ್ಲ, ಸಾಕು."

ಅಂದು ಬೆಳಿಗ್ಗೆಯಷ್ಟೇ ಮಗ್ಗದಿಂದ ಕತ್ತರಿಸಿದ ಸೀರೆ ಆಕೆಯ ಕೈಯಲ್ಲಿತ್ತು. ಮಗಳ ನಿಶ್ಚಿತಾರ್ಥಕ್ಕೆಂದು ನೇಯ್ದದ್ದು, ಮರುದಿನ ಉಡಬೇಕು. ಮೊಣಕಾಲು ಸೋತಿದ್ದವು, ಇನ್ನು ಕುಣಿಗೆ ಇಳಿಯುವುದಿಲ್ಲ, ಇದೇ ಕೊನೆಯದು ಎಂದು ಓಣಿಗೆಲ್ಲ ಹೇಳಿದ್ದಳು. ಮೊದಲು ದೇವರಿಗೆ ಮುಟ್ಟಿಸಬೇಕಾದ ಆ ಸೀರೆಯನ್ನು ಲಾರಿಗೆ ಮುಟ್ಟಿಸಿದಳು: ನೆಲಕ್ಕಿಳಿದ ಪೈಪಿನ ಬಾಯಿಗೆ ವಿಭೂತಿ, ಅರಿಷಿಣ, ಕುಂಕುಮ, ಅದರ ಮುಂದೆ ಮಡಚಿದ ಸೀರೆ, ಮೇಲೆ ಅಕ್ಕಿ, ಬಳೆ, ತೆಂಗಿನಕಾಯಿ.

"ನೀನೂ ಬಿದ್ದು ಕೈಮುಗಿಯೋ."

ಎಂಜಿನ್ ಸುಮ್ಮನೆ ಗುರುಗುಡುತ್ತಿತ್ತು. ಹೀರಿಸುವ ಬಟನ್ನು ಮಾವ ಹೊಟ್ಟೆಯ ಮೇಲೆ ಕಟ್ಟಿಕೊಂಡ ರಿಮೋಟಿನಲ್ಲಿತ್ತು. ಮಾವ ಅಕ್ಕನ ಮಾತು ಮೀರುವವನಲ್ಲ. ರಿಮೋಟು ಬಿಚ್ಚದೆಯೇ ಉದ್ದಕ್ಕೆ ಬಿದ್ದು ನಮಸ್ಕರಿಸಿದ.

ಅಕ್ಕಿ ಹೋಯಿತು. ಬಳೆ ಹೋದವು. ಸೀರೆ ಒಂದು ಕ್ಷಣ ಎದ್ದು ನಿಂತಿತು (ಇದು ನಾನು ಆಮೇಲೆ ಸೇರಿಸಿದ್ದಿರಬಹುದು), ಅದೂ ಹೋಯಿತು. ತೆಂಗಿನಕಾಯಿ ಟ್ಯಾಂಕಿನೊಳಗೆ ಬಡಿದ ಸದ್ದು ಮಾತ್ರ ಖಂಡಿತ. ಮಾವ ಹೊರಳಿ ಬಟನ್ನು ಆರಿಸಿದ, ಮತ್ತೆ ಮೊದಲಿನಂತೆ ಬೋರಲು ಮಲಗಿದ. ಎದ್ದರೆ ಏನು ಕಾದಿದೆಯೆಂದು ಗೊತ್ತಿತ್ತು.

"ಏಳೋ ಮೂಳಾ! ಉಡಿ ತುಂಬಿದ್ರ ಸೀರೀನ ನುಂಗಿಬಿಡ್ತಲ್ಲೋ ನಿನ್ನ ಗಾಡಿ!"

"ಅಕ್ಕಾ, ಗದ್ವಾಲದಾಗ ಹೊಸಾದು ತಂದುಕೊಡ್ತೀನಿ..."

ಗದ್ವಾಲವೂ ಸೀರೆಗೆ ಹೆಸರಾದ ಊರೇ.

"ನಾರಾಯಣಪೇಟಿ ಮಗ್ಗದಾಕಿ ಮಗಳಿಗೆ ಗದ್ವಾಲ ಸೀರಿ? ಬೀಗರ ಮುಂದ ನಾ ಮುಖ ಎಲ್ಲಿ ಇಟ್ಕೊಳ್ಳಲಿ?" ಇಷ್ಟು ಹೇಳಿ ಆಕೆ ಕಟ್ಟೆಯ ಮೇಲೆ ಕುಳಿತು ಅತ್ತಳು. ಅಲ್ಲಿಯವರೆಗೆ ನಾವೆಲ್ಲ ನಗುತ್ತಿದ್ದೆವು.

ಟ್ಯಾಂಕು ಸುರಿಯಲು ಊರಾಚೆಯ ಬಯಲಿಗೇ ಹೋಗಬೇಕು. ಮಾವ ಒಬ್ಬನೇ ಹೋದ. ಸಂಜೆ ಬಂದಾಗ ಒಗೆದು ಹಿಂಡಿದ ಸೀರೆ ಕೈಯಲ್ಲಿತ್ತು. "ಫಿಲ್ಟರಿನ ಮುಂದಿನ ಜಾಲರಿಗೆ ಅಂಟಿಕೊಂಡಿತ್ತು. ನಿನ್ನೆ ಟ್ಯಾಂಕ್ ತೊಳದಿದ್ನಲ್ಲ, ಬರೇ ಧೂಳು. ಒಗದೀನಿ."

ದೊಡ್ಡವ್ವ ಅಂಚಿನ ಉದ್ದಕ್ಕೂ ಹೆಬ್ಬೆರಳು ಎಳೆದಳು. ಅದೇ ಬಣ್ಣ, ಅದೇ ಚೌಕುಳಿ ಆ ಊರಿನ ಎಷ್ಟೋ ಮಗ್ಗಗಳ ಮೇಲೆ ಇರುತ್ತದೆ. ಸೀರೆ ನೋಡಿದಳು, ತಮ್ಮನ ಮುಖ ನೋಡಿದಳು.

"ನಂದ ಐತಿ," ಎಂದಳು. "ಹೋಗಿ ಉಣ್ಣು."

"ಫಿಲ್ಟರ್ ಇನ್ನಾ..."

"ಉಣ್ಣು ಅಂದೆ."

ಫಿಲ್ಟರ್ ಊದಿಸದೆ ಆತ ಉಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಮಗಳು ಅದನ್ನೇ ಉಟ್ಟಳು. ಆಮೇಲೆ ಹಳೆಯ ಪೈಪು ಒಂದು ಗೀರೂ ಇಲ್ಲದೆ ಮಣ್ಣಿನಿಂದ ಹೊರಗೆ ಬಂತು. ಓಣಿಯ ಕುಣಿಗಳು ಒಣಗಿಯೇ ಉಳಿದವು.

ಮಾವ ಹೋದ ವರ್ಷ ತೀರಿಕೊಂಡ, ಮಕ್ತಲದ ಮನೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ. ಕರ್ಮಗಳೆಲ್ಲ ಮುಗಿದ ಮೇಲೆ, ಅಂದು ಮಾವ ತಂದದ್ದು ಆಕೆ ನೇಯ್ದ ಸೀರೆಯೋ, ಬೇರೆ ಮಗ್ಗದ್ದೋ ಎಂದು ದೊಡ್ಡವ್ವನನ್ನು ಕೇಳಿದೆ. "ನನ್ನ ಸೀರಿ ಸೆರಗಿನಾಗ ಒಂದು ಎಳಿ ತಪ್ಪಿತ್ತು. ಅವ ತಂದದ್ದರಾಗ ಇರಲಿಲ್ಲ," ಎಂದಳು. ಯುಗಾದಿಗೆ ಹೋದಾಗ ಮತ್ತೆ ಕೇಳಿದರೆ ರೇಗಿದಳು: "ಎಳಿ ತಪ್ಪಾಕ ನಾ ಏನು ನಿನ್ನೆ ಮಗ್ಗಕ್ಕ ಕುಂತಾಕೇನು? ಅದು ನಂದ."

ಸೀರೆ ಈಗ ಮಗಳ ಗಂಡನ ಮನೆಯಲ್ಲಿದೆ. ನಾನೂ ಬಿಡಿಸಿ ನೋಡಿದ್ದೇನೆ. ನೇಯ್ಗೆ ಓದಲು ನನಗೆ ಬರುವುದಿಲ್ಲ. ಅಂದು ಬಯಲಿನಲ್ಲಿ ಟ್ಯಾಂಕಿನ ಬಾಗಿಲು ತೆರೆದಾಗ ಮಾವನ ಕಣ್ಣಿಗೆ ಏನು ಬಿತ್ತೋ, ನನಗೆ ಗೊತ್ತಿಲ್ಲ.