ನಾಯಕಿಯನ್ನು ಬಿಟ್ಟು ಹೋಗದ ಬಸ್ಸು

ಸ್ನೇಹಿತರೇ, ಇವತ್ತು ಕಾಸರಗೋಡಿನ ಬಸ್ಸು ನಮ್ಮ ಕಿರುಚಿತ್ರದ ಕೊನೆಯ ದೃಶ್ಯವನ್ನು ಕೆಡಿಸಿತು. ಬಸ್ಸು ಬಾಡಿಗೆಗೆ ಹಿಡಿಯುವ ತಾಕತ್ತು ವಿದ್ಯಾರ್ಥಿಗಳಾದ ನಮಗಿಲ್ಲ. ಜಾಲ್ಸೂರಿನಲ್ಲಿ ನಿಲ್ಲುವ ಬಸ್ಸನ್ನೇ ನಂಬಿದ್ದೆವು. ಕತೆಯಲ್ಲಿ, ಊರು ಬಿಡಲು ಬ್ಯಾಗು ಹಿಡಿದು ಬಂದ ನಾಯಕಿ ಹತ್ತದೆ ನಿಲ್ಲಬೇಕು, ಬಸ್ಸು ಅವಳನ್ನು ಬಿಟ್ಟು ಹೋಗಬೇಕು.

ಕಂಡಕ್ಟರಣ್ಣ ಇಳಿದು ಬಂದು ಅವಳ ಬ್ಯಾಗನ್ನೇ ಎತ್ತಿಕೊಂಡರು.

"ಎಂತ ಆಲೋಚನೆ ಮಾಡುದು ಅಕ್ಕ? ಸೀಟುಂಟು, ಹತ್ತಿ."

"ಇದು ಶೂಟಿಂಗ್ ಅಣ್ಣ, ಅವಳನ್ನು ಬಿಟ್ಟು ಹೋಗಿ" ಎಂದು ಫೋನ್ ಹಿಡಿದಿದ್ದ ನಾನು ಕೂಗಿದೆ.

"ಬ್ಯಾಗ್ ಹಿಡ್ಕೊಂಡು ನಿಂತವರನ್ನು ಬಿಟ್ಟು ಹೋಗುದು ಹೇಗೆ ಮಾರಾಯ್ರೆ?"

ಕೊನೆಗೂ ಬ್ಯಾಗು ಕೆಳಗಿಟ್ಟು, ಮುಖ ಸಣ್ಣ ಮಾಡಿಕೊಂಡು ಹೊರಟರು. ಸಿನಿಮಾ ಕಲಿಯಲು ಈ ಊರು ಬಿಡಬೇಕೆಂದು ದಿನವೂ ಹಂಬಲಿಸುವ ನಾನು ಆ ಬಸ್ಸನ್ನು ತಿರುವಿನವರೆಗೂ ನೋಡುತ್ತ ನಿಂತೆ. ನನ್ನನ್ನು ಹತ್ತಿ ಎಂದು ಅವರು ಕರೆಯಲಿಲ್ಲ. ನನ್ನ ಕೈಯಲ್ಲಿ ಬ್ಯಾಗಿರಲಿಲ್ಲವಲ್ಲ!