ವಡಗೇರಾಕ್ಕೆ ಹೋದ ಅಮಾನತು

ಸಿಂಗಾಪುರಕ್ಕೆ ಹೋಗಬೇಕೆಂಬುದು ಮಕ್ಕಳ ಆಸೆ ಎಂದು ನಾನು ಶಹಾಪುರದಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಕಿರಾಣಿ ಅಂಗಡಿಯಲ್ಲಿ ಹೇಳಿದೆ, ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸರಿಗೆ ಅವರು ಕೇಳದಿದ್ದರೂ ಹೇಳಿದೆ. ಮಗಳಿಗೆ ಆಗ ಏಳು ವರ್ಷ, ಮಗನಿಗೆ ನಾಲ್ಕು. ಮಗನಿಗೆ ಸಿಂಗಾಪುರ ಎಂದರೆ ಏನೆಂದೇ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿತ್ತು, ಆದರೆ ಹೈದರಾಬಾದಿನ ಮಾಲಿನಲ್ಲಿ ಎಸ್ಕಲೇಟರ್ ಹತ್ತಿ ಇಳಿದರೆ ಅವಳ ಆಸೆ ತೀರುತ್ತಿತ್ತು.

ಆಸೆ ನನ್ನದು. ಹದಿನಾಲ್ಕು ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಏಷ್ಯಾದ ನಕಾಶೆ ಬರೆದು, ಮಲಯ ಪರ್ಯಾಯ ದ್ವೀಪದ ತುದಿಗೆ ಸೀಮೆಸುಣ್ಣದ ಚುಕ್ಕೆಯಿಟ್ಟು, "ಇದು ಸಿಂಗಾಪುರ, ದೊಡ್ಡ ಬಂದರು" ಎನ್ನುತ್ತಿದ್ದೆ. ಹಾಗೆನ್ನುತ್ತಿದ್ದವಳು ಸಮುದ್ರವನ್ನೇ ನೋಡಿರಲಿಲ್ಲ. ಒಮ್ಮೆ ಮೊದಲ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ನೀವು ನೋಡೀರೇನ್ರಿ?" ಎಂದು ಕೇಳಿದಳು. ಸರಿಯಾಗಿ ಕೂತುಕೋ ಎಂದು ಅವಳನ್ನೇ ಗದರಿಸಿದೆ. ಅಂದಿನಿಂದ ಆ ಚುಕ್ಕೆಯ ಮೇಲೆ ಒಮ್ಮೆ ಹೋಗಿ ನಿಲ್ಲಬೇಕೆಂಬ ಹಟ ಹತ್ತಿತ್ತು. ಆದರೆ ಎರಡು ಮಕ್ಕಳ ತಾಯಿ ತನ್ನ ಆಸೆಗೆ ವಿಮಾನ ಹತ್ತುತ್ತೇನೆಂದರೆ ಜನ ಏನೆಂದಾರು, ಅದರಲ್ಲೂ ನಮ್ಮ ಅತ್ತೆ ಏನೆಂದಾರು ಎಂಬ ಅಳುಕು. ಅದಕ್ಕೇ ಮಕ್ಕಳನ್ನು ಮುಂದೆ ಮಾಡಿದೆ.

ಶಾಲೆಯ ವೇಳಾಪಟ್ಟಿ ಮಾಡುವವಳು ನಾನೇ. ಆ ರೋಗ ಮನೆಯವರೆಗೂ ಬಂತು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸಿಂಗಾಪುರದ ಐದು ದಿನಗಳನ್ನು ದಿನಕ್ಕೆ ಏಳು ಪೀರಿಯಡ್‌ಗಳಂತೆ ಗೆರೆ ಹೊಡೆದು ಕೂರಿಸಿದೆ. ಎರಡನೆಯ ಮತ್ತು ಮೂರನೆಯ ಪೀರಿಯಡ್ ಪ್ರಾಣಿ ಸಂಗ್ರಹಾಲಯ. ಸಣ್ಣ ವಿರಾಮದಲ್ಲಿ ನೀರು, ಬಿಸ್ಕತ್ತು, ಶೌಚ. ಮಗ ಅಳುವುದಕ್ಕೂ ಹತ್ತು ನಿಮಿಷ ತೆಗೆದಿಟ್ಟಿದ್ದೆ, ಊಟದ ನಂತರ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡ ಗ್ರೀಸು ಹತ್ತಿದ ಬೆರಳಿನಲ್ಲಿ ಪುಟ ತಿರುಗಿಸಿ ನೋಡಿದರು.

"ಎಲ್ಲಾ ಬರೋಬ್ಬರಿ ಅದ. ಪ್ರಾರ್ಥನಾ ಎಷ್ಟೊತ್ತಿಗಿ ಇಟ್ಟೀರಿ ಟೀಚರ್?"

ನಾನು ನೋಟ್‌ಬುಕ್ ಕಸಿದುಕೊಂಡೆ. ಆದರೆ ಪಟ್ಟಿಯನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದೆನಿಸಿತು. ಮಹಾನಗರದಲ್ಲಿ ಮಕ್ಕಳನ್ನು ತಿರುಗಾಡಿಸಲು ತಾಲೀಮು ಬೇಕು ಎಂದು ಘೋಷಿಸಿ, ಒಂದು ರವಿವಾರ ಎಲ್ಲರನ್ನೂ ಬಸ್ಸಿನಲ್ಲಿ ಯಾದಗಿರಿಗೆ ಹೊರಡಿಸಿದೆ. ಯಾದಗಿರಿ ಕೋಟೆ ಎರಡು ಪೀರಿಯಡ್, ಊಟ ಒಂದು, ರೈಲು ನಿಲ್ದಾಣ ಅರ್ಧ. ಬಸ್ಸಿಳಿದ ಕೂಡಲೇ ಮಗ ಮಿರ್ಚಿ ಭಜಿ ಕರಿಯುವ ಬಂಡಿಯ ಮುಂದೆ ನಿಂತ. ತೂತುಗಳ ಜಾರೆ ಸೌಟು ಎಣ್ಣೆಗೆ ಇಳಿದು ಮೇಲೆ ಬರುವುದನ್ನು ನೋಡುತ್ತ ಒಂದು ಪೂರ್ತಿ ಪೀರಿಯಡ್ ಕಳೆದ. ಎಳೆದರೆ ಬೊಬ್ಬೆ ಹೊಡೆದ. ನಿಲ್ದಾಣಕ್ಕೆ ಹೋದರೆ ಮಗಳು ಗೂಡ್ಸ್ ಗಾಡಿಯ ಡಬ್ಬಿ ಎಣಿಸಲು ಕೂತಳು. ಗಾಡಿ ನಿಂತದ್ದು ಕದಲಲೇ ಇಲ್ಲ. ಕೋಟೆಯನ್ನು ಕೆಳಗಿನಿಂದಲೇ ತೋರಿಸಿ ಹಿಂದಿರುಗಿದೆವು.

ಮನೆ ಮುಟ್ಟಿದಾಗ ಸುರಪುರದಿಂದ ಅತ್ತೆ ಬಂದು ಕಟ್ಟೆಯ ಮೇಲೆ ಕೂತಿದ್ದರು. ಮಗ ಓಡಿಹೋಗಿ ಅವರ ಕೊರಳಿಗೆ ಬಿದ್ದು ವರದಿ ಒಪ್ಪಿಸಿದ. "ಆಯೀ, ಸಿಂಗಾಪುರ ನೋಡಿ ಬಂದ್ವಿ. ಅಲ್ಲಿ ಭಜಿ ಭಾಳ ಛಲೋ ಅದಾವ."

ಅತ್ತೆ ನಗಲಿಲ್ಲ. ಅವರಿಗೂ ಕೇಳುವುದಿತ್ತು. "ಶಹಾಪುರ, ಸುರಪುರ, ಸಿಂಗಾಪುರ. ಇದು ಯಾವ ತಾಲೂಕಿನಾಗ ಬರ್ತದವಾ?"

ನನ್ನೊಳಗಿನ ಟೀಚರ್ ಜಾಗೃತಳಾದಳು. ಅಟ್ಲಾಸ್ ತಂದು ಬಿಚ್ಚಿ ಚುಕ್ಕೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇಷ್ಟ ಸಣ್ಣದೇನು? ನಮ್ಮ ಕೆಂಭಾವಿ ಸಂತಿನ ಇದಕ್ಕಿಂತ ದೊಡ್ಡದು ಆಗ್ತದ" ಎಂದು ಅಟ್ಲಾಸ್ ಮುಚ್ಚಿ ಗೋಡೆಯ ಕ್ಯಾಲೆಂಡರ್ ಕಡೆ ನಡೆದರು. ನಾವು ಹೊರಡುವ ಬುಧವಾರದ ಮೇಲೆ ಬೆರಳಿಟ್ಟರು. ಅಂದು ಅಮಾವಾಸ್ಯೆ. ಸಿಂಗಾಪುರದ ಮಳೆ, ಮೆಟ್ರೋ, ಮೊಸಳೆಗೆ ಆಹಾರ ಹಾಕುವ ಸಮಯ ಎಲ್ಲವನ್ನೂ ನೋಡಿಟ್ಟ ನಾನು ನಮ್ಮ ಮನೆಯ ಕ್ಯಾಲೆಂಡರನ್ನು ನೋಡಿರಲಿಲ್ಲ.

"ಅಮಾಸಿ ದಿನ ಹುಡುಗೂರನ್ನ ಕರ್ಕೊಂಡು ಹೊಸ್ತಿಲ ದಾಟ್ತಿಯೇನು? ಸೋಮವಾರ ಪ್ರಸ್ಥಾನ ಇಡು, ಆಮ್ಯಾಲ ಹೋಗು."

ಪ್ರಸ್ಥಾನವೆಂದರೆ ಇಷ್ಟೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕಿಂತ ಮೊದಲ ಒಳ್ಳೆಯ ದಿನ ಒಂದು ಗಂಟು ಕಟ್ಟಿ ಬೇರೊಬ್ಬರ ಮನೆಯಲ್ಲಿ ಇಡುವುದು. ಗಂಟು ಹೊರಟಿತೆಂದರೆ ನಾವೂ ಹೊರಟ ಹಾಗೆ. ಅದನ್ನು ತಿರುಗಿ ಮನೆಯೊಳಗೆ ತರಬಾರದು, ಹೋಗುವಾಗ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಗಂಟಿನಲ್ಲಿ ಏನಿಡಬೇಕೆಂದು ಕೇಳಿದೆ. "ಯಾವುದು ಇಲ್ಲಂದ್ರ ಹೋಗಾಕ ಆಗೂದಿಲ್ಲ, ಅದನ್ನ ಇಡಬೇಕು" ಎಂದರು ಅತ್ತೆ. ಅವರ ಮನಸ್ಸಿನಲ್ಲಿದ್ದದ್ದು ಒಂದು ಸೀರೆ, ಎರಡು ಹಿಡಿ ಅಕ್ಕಿ, ಅರಿಶಿನದ ಕೊಂಬು. ನಾನು ಮಾತನ್ನು ಅಕ್ಷರಶಃ ಹಿಡಿದೆ. ನಾಲ್ಕೂ ಪಾಸ್‌ಪೋರ್ಟುಗಳನ್ನು ಫೈಲಿನಲ್ಲಿ ಹಾಕಿ, ಸೀರೆಯ ಮಡಿಕೆಯೊಳಗೆ ತುರುಕಿ, ಗಂಟು ಬಿಗಿದು, ಸೋಮವಾರ ಬೆಳಿಗ್ಗೆ ಎದುರು ಮನೆಯ ಖಾಲಾಳ ಕೈಗೆ ಕೊಟ್ಟು ಬಂದೆ. ಯಾರಿಗೂ ಹೇಳಲಿಲ್ಲ. ನನ್ನ ಜಾಣತನದ ಬಗ್ಗೆ ನನಗೆ ಅಷ್ಟು ಸಮಾಧಾನವಿತ್ತು.

ಖಾಲಾ ಎಂದರೆ ಚಿಕ್ಕಮ್ಮ, ಆದರೆ ನಮಗೆ ರಕ್ತಸಂಬಂಧವಲ್ಲ. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಇಡೀ ಓಣಿಗೆ ಖಾಲಾ. ಅವಳ ಮಗ ಯಾದಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಜೀಪು ಓಡಿಸುತ್ತಾನೆ. ಹಾಗಾಗಿ ಯಾರ ವರ್ಗ ಎಲ್ಲಿಗಾಯಿತು ಎಂಬುದು ನಮಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸರ್ಕಾರಿ ನೌಕರಳಾದ ನನಗೆ ವಿದೇಶಕ್ಕೆ ಹೋಗಲು ಇಲಾಖೆಯ ಪರವಾನಗಿ ಬೇಕಿತ್ತು. ಅರ್ಜಿ ಕೊಟ್ಟಿದ್ದೆ, ಆದೇಶ ಇನ್ನೂ ಕೈಗೆ ಬಂದಿರಲಿಲ್ಲ. ಪರವಾನಗಿ ಇಲ್ಲದೆ ಟಿಕೆಟ್ ತೆಗೆಸಿದ್ದು ಯಾರಿಗಾದರೂ ಗೊತ್ತಾದರೆ ಗತಿಯೇನು ಎಂಬ ಹುಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಮಂಗಳವಾರ ಮಧ್ಯಾಹ್ನ ಬಿಸ್ಕತ್ತು ಕೊಂಡು ಮನೆಗೆ ಬಂದರೆ ಎದುರು ಮನೆಗೆ ಬೀಗ. ಅತ್ತೆ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಖಾಲಾ ಅವಸರದಾಗ ಜೀಪ್ ಹತ್ತಿ ಹೋದ್ಲು. ನಿನಗ ಹೇಳಂದಾಳ. ಟೀಚರ್ ಅಮಾನತ್ ವಡಗೇರಾಕ್ಕ ಹೋಗ್ಯಾದ, ಘಾಬರಿ ಆಗಬ್ಯಾಡಂತ."

ಅಮಾನತು! ಎಲ್ಲವೂ ತಾನಾಗಿ ಕೂಡಿಕೊಂಡಿತು. ಕೆಲಸದಿಂದ ಅಮಾನತಾದವರಿಗೆ ಬೇರೆ ಊರಿನ ಕಚೇರಿಯಲ್ಲಿ ಹಾಜರಿ ಹಾಕಲು ಹೇಳುವುದುಂಟು; ನನಗೆ ವಡಗೇರಾ ಹಾಕಿದ್ದಾರೆ. ಜೀಪಿನ ಮಗ ಸುದ್ದಿ ತಂದಿದ್ದಾನೆ. ಪಾಪ, ಖಾಲಾ ಮುಖ ನೋಡಿ ಹೇಳಲಾರದೆ ಬೀಗ ಹಾಕಿಕೊಂಡು ಹೋಗಿದ್ದಾಳೆ. ಸಿಂಗಾಪುರಕ್ಕೆ ಹೊರಟ ಶಿಕ್ಷಕಿ ಅಮಾನತು ಎಂದು ಪತ್ರಿಕೆಯಲ್ಲಿ ನನ್ನ ಫೋಟೋ ಬರುವುದೂ, ಅದು ಪಾಸ್‌ಪೋರ್ಟಿನ ಕೆಟ್ಟ ಫೋಟೋವೇ ಆಗಿರುವುದೂ ಕಣ್ಣಿಗೆ ಕಟ್ಟಿತು. ಒಳಗೆ ಹೋಗಿ, ಕಟ್ಟಿಟ್ಟ ಬ್ಯಾಗಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಎಸೆದೆ. ಮಕ್ಕಳನ್ನು ಕರೆದು, "ಸಿಂಗಾಪುರ ಇಲ್ಲ. ಸಾಹೇಬರು ಬ್ಯಾಡಂದಾರ" ಎಂದೆ. ಹೇಳುವಾಗಲೇ ಅಳು ಬಂತು.

ಮಗ ಭಜಿ ಸಿಗುತ್ತದೋ ಇಲ್ಲವೋ ಎಂದಷ್ಟೇ ಕೇಳಿದ. ಮಗಳು ಮಾತ್ರ ಹತ್ತಿರ ಬಂದು ನನ್ನ ಸೆರಗಿನ ತುದಿ ಹಿಡಿದಳು. "ಅವ್ವ, ನಾನು ತಮ್ಮ ಬರೂದಿಲ್ಲಂತ ಸಾಹೇಬರಿಗಿ ಬರದು ಕೊಡು. ನಾವು ಆಯಿ ಹಂತ್ಯಾಕ ಇರ್ತೀವಿ. ನೀ ಒಬ್ಬಾಕಿನ ಹೋಗಿ ಬಾ. ನಿನಗ ಹೋಗಬೇಕಂತ ಅದ, ನನಗ ಗೊತ್ತದ."

ನನಗೆ ಬಹಳ ನಾಚಿಕೆಯಾಯಿತು. ಇಡೀ ಊರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡಿದ್ದೆ. ಯಾರ ಹೆಸರಿನಲ್ಲಿ ಹೇಳಿದ್ದೆನೋ ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಅವಳು ನನ್ನೊಡನೆ ಆ ನೋಟ್‌ಬುಕ್ಕಿಗೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಹೊಡೆದಿದ್ದಳು. ಅವಳನ್ನು ಅಪ್ಪಿಕೊಂಡು ಇನ್ನಷ್ಟು ಕಣ್ಣೀರು ಹಾಕಿದೆ.

ಊಟಕ್ಕೆ ಬಂದ ಗಂಡ ಮಂಚದ ಮೇಲಿನ ಬಟ್ಟೆರಾಶಿ ನೋಡಿ, ವಿಷಯ ಕೇಳಿ, ನೇರವಾಗಿ ನಮ್ಮ ಇಲಾಖೆಯ ಕಚೇರಿಯ ಗುಮಾಸ್ತರಿಗೆ ಫೋನ್ ಹಚ್ಚಿದರು. "ಅಮಾನತಾ? ಯಾರು ಅಂದ್ರಿ?" ಎಂದು ಆ ಕಡೆಯ ದನಿ ನನಗೂ ಕೇಳಿಸಿತು. "ನಿಮ್ಮ ಮನಿಯವರ ಪರವಾನಗಿ ನಿನ್ನಿನ ಸಹಿ ಆಗ್ಯಾದ. ನಾಳಿ ಹೋಗ್ತಾ ತಗೊಂಡು ಹೋಗ್ರಿ."

ಗಂಡ ತಾಯಿಯಿಂದ ಖಾಲಾಳ ಮಾತನ್ನು ಇನ್ನೊಮ್ಮೆ ಹೇಳಿಸಿದರು. ನಂತರ ನನ್ನ ಕಡೆ ತಿರುಗಿ, "ಗಂಟಿನಾಗ ಏನಿಟ್ಟಿದ್ದಿ?" ಎಂದರು. ಪಾಸ್‌ಪೋರ್ಟು ಎಂದೆ. ಅವರು ಗೋಡೆ ಹಿಡಿದುಕೊಂಡು ನಗತೊಡಗಿದರು. ಖಾಲಾಳ ಮಾತಿನಲ್ಲಿ ಅಮಾನತ್ ಎಂದರೆ ನಂಬಿ ಇಟ್ಟುಕೊಳ್ಳಲು ಕೊಟ್ಟ ವಸ್ತು. ಅಂಗಡಿಗೆ ಬರುವ ಅರ್ಧ ಗಿರಾಕಿಗಳ ಬಾಯಲ್ಲಿ ಅವರು ದಿನಾ ಕೇಳುವ ಶಬ್ದ. ನಿಜಾಮರ ಕಾಲದಲ್ಲಿ ನಮ್ಮ ಭಾಷೆಗೆ ಬಂದ ಉರ್ದು ಶಬ್ದಗಳು ಎಂದು ವರ್ಷವರ್ಷ ಪಾಠ ಮಾಡಿ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳುವವಳು ನಾನು.

ಹೊತ್ತು ಮುಳುಗುವ ಮೊದಲು ಜೀಪು ಬಂತು. ತಂಗಿಗೆ ಮೈ ಸರಿಯಿಲ್ಲವೆಂದು ವಡಗೇರಾಕ್ಕೆ ಓಡಿದ್ದ ಖಾಲಾ ನನ್ನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಇಳಿದಳು. "ನಿನ್ನ ಅಮಾನತ್ ಖಾಲಿ ಮನ್ಯಾಗ ಹ್ಯಾಂಗ ಬಿಟ್ಟು ಹೋಗ್ಲಿ ಬೇಟಿ? ಉಣ್ಣಾಗನೂ ತೊಡಿ ಮ್ಯಾಲ ಇಟ್ಕೊಂಡಿದ್ದೆ" ಎಂದಳು. ನಾನು ಅತ್ತದ್ದರ ಬಗ್ಗೆ ಬಾಯಿ ಬಿಡಲಿಲ್ಲ. ಹೇಳುವ ಕೆಲಸವನ್ನು ಗಂಡ ಮಾಡಿದರು, ಇಡೀ ಓಣಿಗೆ ಕೇಳುವಂತೆ.

ಬುಧವಾರ ಬೆಳಿಗ್ಗೆ ಕಾರು ಬಂದು ನಿಂತಿತು. ಖಾಲಾಳ ಹೊಸ್ತಿಲಲ್ಲಿ ಗಂಟು ತೆಗೆದುಕೊಂಡೆ. ಅತ್ತೆಯೂ ಬೀಳ್ಕೊಡಲು ಅಲ್ಲಿಗೇ ಬಂದಿದ್ದರು. "ಮಕ್ಕಳಿಗಿ ಎಲ್ಲಾ ತೋರಿಸ್ಕೊಂಡು ಬಾ ಬೇಟಿ" ಎಂದಳು ಖಾಲಾ. ಹೂಂ ಎನ್ನುವುದು ಸುಲಭವಿತ್ತು, ಅಭ್ಯಾಸವೂ ಆಗಿತ್ತು. ಮಗಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

"ಇಲ್ಲ ಖಾಲಾ" ಎಂದೆ. "ನೋಡಾಕ ನಾ ಹೊಂಟೀನಿ. ಮಕ್ಕಳು ನನ್ನ ಜೋಡಿ ಬರಾಕತ್ತಾರ."

ಹೇಳಿದ್ದು ಖಾಲಾಳಿಗೆ, ಕಿವಿ ಇಟ್ಟದ್ದು ಅತ್ತೆಯ ಕಡೆಗೆ. ಅವರು ಮೊಮ್ಮಗನ ಅಂಗಿಯ ಗುಂಡಿ ಹಾಕಿದರು, ಮೊಮ್ಮಗಳ ಜಡೆ ಸರಿಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹಂಗಾದ್ರ ಕಣ್ತುಂಬ ನೋಡಿ ಬಾ. ಬರೇ ಹುಡುಗೂರ ಮೂಗು ಒರಸ್ಕೋತ ತಿರುಗಿ ಬಂದಿ ಅಂದ್ರ ಮನಿ ಒಳಗ ಬಿಡೂದಿಲ್ಲ ನೋಡು."